ಹಳಸಿದ ಬೀಸೋ ಪದ

ಬಸ್ಸು ಮತ್ತೆ ಕುಣಿಯಿತು, ಕಂಪ್ಯೂಟರಿನ ಡಿಸ್ಕು ಮಡಿಲಲ್ಲಿ ಭದ್ರವಿದೆ, ಎರಡು ಸುತ್ತು ಟವೆಲ್ಲು, ಅದರ ಮೇಲೆ ನನ್ನೆರಡೂ ಕೈ, ಪಕ್ಕದ ಹೆಂಗಸು ಕೂಸೇನೋ ಎಂದು ಬಗ್ಗಿ ನೋಡಿದಳು, ಏನ್ರೀ ಅದು, ಪದ ಅದಾವ್ರಿ ಒಳಗ ಅಂದೆ, ಅವಳು ನಕ್ಕಳು, ನಾನೂ ನಕ್ಕೆ — ಹಿರೇಹಂದಿಗೋಳದಿಂದ ಗದಗಕ್ಕೆ ಇಷ್ಟು ಹೊತ್ತೇ ಇವತ್ತು, ಬೆಟಗೇರಿಯ ಮನೆಯಲ್ಲಿ ಆಯಿ ಕಾಯುತ್ತಿರುತ್ತಾಳೆ, ನನ್ನಜ್ಜಿ ಮಂಜವ್ವ, ನಿನ್ನೆ ಅವಳ ಮುಂದೆ ಕೂತು, ಅವಳೂ ಅವಳ ತಂಗಿ ಫಕ್ಕೀರವ್ವನೂ ಬೀಸುಕಲ್ಲಿನ ಮುಂದೆ ಕೂಡಿ ಹಾಡಿದ, ನಾನು ಹಿಂದೆ ರೆಕಾರ್ಡು ಮಾಡಿಟ್ಟ ಬೀಸೋ ಪದ ಹಚ್ಚಿದರೆ, ಮೊದಲ ನುಡಿ ಚೆನ್ನ, ಆಮೇಲೆ ಕರ್ರ್ ಕರ್ರ್, ತಗಡಿನ ಮೇಲೆ ಉಸುಕು ಸುರಿದ ಹಾಗೆ, ಕೆಟ್ಟೈತಿ ಆಯಿ ಅಂದೆ, ಪದ ಹಳಸಾಕ ಅದೇನ್ ಅನ್ನ ಏನವಾ ಅಂದಳು, ತಗೋ ನಾ ಮತ್ತ ಹಾಡತೇನಿ — ಆಯಿ ಹಾಡಿಯಾಳು, ಫಕ್ಕೀರವ್ವ? ಹೋದ ವರ್ಷ ಶಿರಹಟ್ಟಿಯಲ್ಲಿ ತೀರಿಕೊಂಡಳು, ಆ ದನಿ ಉಳಿದಿರುವುದು ಆ ಒಂದು ಫೈಲಿನಲ್ಲಿ ಮಾತ್ರ.

ಬ್ಯಾಕಪ್ಪು ಇತ್ತಲ್ಲ, ಇತ್ತು, ಅದಕ್ಕೇ ನಗು ಬರುವುದು, ಕಪಾಟಿನ ಮೇಲಿನ ನನ್ನ ಸರ್ವರು, ಹಳೇ ಕಂಪ್ಯೂಟರಿಗೆ ನಾನಿಟ್ಟ ದೊಡ್ಡ ಹೆಸರು, ವಾರಕ್ಕೊಮ್ಮೆ ಎಲ್ಲವನ್ನೂ ಎರಡನೇ ಡಿಸ್ಕಿಗೆ ನಿಯತ್ತಿನಿಂದ ನಕಲು ಮಾಡುತ್ತಿತ್ತು, ಫೈಲು ಯಾವಾಗ ಒಳಗೊಳಗೇ ಕೆಟ್ಟಿತೋ, ಹೆಸರು ಅದೇ, ಗಾತ್ರ ಅದೇ, ಸರ್ವರು ಆ ಕೆಟ್ಟದ್ದನ್ನೇ ಒಯ್ದು ಒಳ್ಳೆಯದರ ಮೇಲೆ ಬರೆದು, ಬ್ಯಾಕಪ್ ಯಶಸ್ವಿ ಎಂದು ಹಸಿರು ಅಕ್ಷರ ತೋರಿಸುತ್ತಿತ್ತು, ನಾನು ಅದನ್ನು ನೋಡುತ್ತ ಖುಷಿಯಿಂದ ಚಹಾ ಕುಡಿಯುತ್ತಿದ್ದೆ. ಮೂರನೆಯ ಡಿಸ್ಕು, ಈಗ ಮಡಿಲಲ್ಲಿರುವ ಇದೇ, ಹಿರೇಹಂದಿಗೋಳದ ಚಿಕ್ಕಪ್ಪನ ಮಗ ಮೌನೇಶನ ಹತ್ತಿರ ಇತ್ತು, ತಿಂಗಳಿಗೊಮ್ಮೆ ತಾರೋ, ಹೊಸದು ತುಂಬಿ ಕೊಡತೇನಿ ಅಂದರೆ ಒಂದು ಸಲವೂ ತರದ ಪುಣ್ಯಾತ್ಮ, ಇವತ್ತು ನನ್ನನ್ನು ಬಾಗಿಲಲ್ಲಿ ಕಂಡದ್ದೇ, ಬೈಬ್ಯಾಡ ಯಕ್ಕಾ, ನಾಳಿ ತರಾವ್ನ ಇದ್ದೆ ಅಂದ, ಬೈಯುವುದೇ, ಎರಡೂ ಕೆನ್ನೆ ಹಿಂಡಿದೆ, ನಿನ್ನ ಆಲಸ್ಯಕ್ಕ ಕೈ ಮುಗೀತೇನಲೇ, ತಂದಿದ್ದರೆ ಇದರ ಮೇಲೂ ಆ ಉಸುಕೇ ಬೀಳುತ್ತಿತ್ತು — ಆದರೆ ಇದೂ ಹಳಸಿದ್ದರೆ, ಅವನ ಮನೆಯಲ್ಲಿ ಹಚ್ಚಿ ನೋಡಲು ಕಂಪ್ಯೂಟರಿಲ್ಲ, ಬಸ್ಸೇ ಮೆಲ್ಲಗೆ ಹೋಗು, ಅಲ್ಲ, ಜಲ್ದಿ ಹೋಗು, ಬೆಟಗೇರಿ ಬಂತು, ಮಗ್ಗದ ಸದ್ದು, ಓಣಿ, ಹೊಸ್ತಿಲಲ್ಲೇ ಆಯಿ, ತಂದಿಯೇನವಾ ಅಂದಳು, ಹೂಂ ತಂದೇನಿ, ತಡಿ ಆಯಿ ಅಂದೆ, ಮೊದಲು ಇದರ ಮೇಲೆ ಯಾರೂ ಏನೂ ಬರೆಯದ ಹಾಗೆ ಬೀಗ, ಆಮೇಲೆ ಎರಡು ಕಡೆ ನಕಲು, ಆಮೇಲೆ ಗುರುತು — ಫೈಲಿನ ಅಣು ಅಣುವನ್ನೂ ಲೆಕ್ಕ ಹಾಕಿ ತೆಗೆಯುವ ಅಂಕಿ, ಕೂದಲೆಳೆಯಷ್ಟು ಕೆಟ್ಟರೂ ಅಂಕಿ ಬೇರೆಯಾಗುತ್ತದೆ, ಮೂರಕ್ಕೂ ಒಂದೇ ಬಂತು, ಇನ್ನು ಮೇಲೆ ಗುರುತು ಹೊಂದಿದರೆ ಮಾತ್ರ ನಕಲು, ಹೊಂದದಿದ್ದರೆ ಸರ್ವರು ಕೂಗಿಕೊಳ್ಳಬೇಕು, ಹಳೆಯದನ್ನು ಮುಟ್ಟಬಾರದು, ಆಯಿ ಬೇಸತ್ತಳು, ನಿನ್ನ ಪೂಜಿ ಆಮ್ಯಾಲ ಮಾಡಕೋ ವನಿತಾ, ಮೊದ್ಲ ಕೇಳಸು.

ಹಚ್ಚಿದೆ, ಮೊದಲ ನುಡಿ, ಉಸಿರು ಹಿಡಿದೆ, ಎರಡನೇ ನುಡಿ, ಉಸುಕಿಲ್ಲ, ಮೂರನೆಯದರಲ್ಲಿ ಫಕ್ಕೀರವ್ವ ಸಾಲು ಮರೆತು ಕಿಸಕ್ಕನೆ ನಕ್ಕಳು, ಆಯಿ ಕಣ್ಣು ಮುಚ್ಚಿಕೊಂಡೇ, ಮತ್ತ ಮರತಿಯಲ್ಲಬೇ ಹುಚ್ಚಿ, ಎಂದು ಪಕ್ಕದವಳ ಬೆನ್ನಿಗೆ ಗುದ್ದಲು ಕೈ ಎತ್ತಿದಳು, ಪಕ್ಕದಲ್ಲಿ ಯಾರೂ ಇಲ್ಲ, ಬರೀ ಚಾಪೆ, ಆಯಿ ನಗುತ್ತಲೇ ಇದ್ದಾಳೆ, ಮತ್ತೊಮ್ಮಿ ಹಚ್ಚವಾ, ಹಚ್ಚಿದೆ, ಅದೇ ಸಾಲು, ಅದೇ ಕಿಸಕ್, ಅದೇ ಕೈ ಮೇಲೆದ್ದಿತು, ಬಳೆಗಳು ಮೊಳಕೈವರೆಗೆ ಜಾರಿದವು, ಆ ಕೈ — ಎತ್ತಿದ ಆ ಕೈಗೆ ಗುದ್ದಲು ಬೆನ್ನಿಲ್ಲ —