ಇಪ್ಪತ್ತು ನಿಮಿಷ ಯಾರೂ ಮಾತಾಡಬಾರದು

ಹನ್ನೆರಡು ದಿನದಿಂದ ನಾನು ಕೇಳುತ್ತಿದ್ದದ್ದು ಇಪ್ಪತ್ತು ನಿಮಿಷ ಮಾತ್ರ. ಸಮುದ್ರದ ಇಪ್ಪತ್ತು ಮೀಟರ್ ಆಳದಲ್ಲಿ, ಸುತ್ತ ನೀರಲ್ಲದೆ ಬೇರೇನೂ ಇಲ್ಲದ ಕಡೆ, ಅಷ್ಟು ಹೊತ್ತು ಸದ್ದಿಲ್ಲದೆ ಇರುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ ಪಾಚಿಯ ಮೇಲೋ ಕಪ್ಪೆಚಿಪ್ಪಿನ ಮೇಲೋ ಸಂಶೋಧನೆ ಮಾಡಿಕೊಂಡು ಸುಖವಾಗಿರುತ್ತಿದ್ದೆ.

ನಾವು ಮೂವರು ಇದ್ದದ್ದು ರೈಲುಬೋಗಿಯಷ್ಟು ಉದ್ದದ ಉಕ್ಕಿನ ಮನೆಯಲ್ಲಿ. ನೆಲದಲ್ಲಿ ಬಾವಿಯಂಥ ಒಂದು ಕಿಂಡಿ, ಅದೇ ಬಾಗಿಲು. ಒಳಗಿನ ಗಾಳಿಯ ಒತ್ತಡಕ್ಕೆ ನೀರು ಕಿಂಡಿಯ ಅಂಚಿನಲ್ಲೇ ನಿಂತಿರುತ್ತದೆ, ಒಳಗೆ ನುಗ್ಗುವುದಿಲ್ಲ. ಅಲ್ಲಿಂದಲೇ ಇಳಿದು ಕೆಲಸಕ್ಕೆ ಹೋಗುವುದು, ಅಲ್ಲಿಂದಲೇ ತೊಟ್ಟಿಕ್ಕುತ್ತ ವಾಪಸು ಬರುವುದು. ಟವೆಲ್ಲು ಒಂದು ದಿನವೂ ಒಣಗಲಿಲ್ಲ. ಊಟಕ್ಕೆ ರುಚಿಯೂ ಇಲ್ಲ. ಆ ಒತ್ತಡದಲ್ಲಿ ನಾಲಗೆ ಅರ್ಧ ರಜೆ ಹಾಕಿಬಿಡುತ್ತದೆ.

ದೊಡ್ಡಕ್ಕ ನಮ್ಮ ಮುಖ್ಯಸ್ಥೆ, ಮೂವತ್ತು ವರ್ಷದಿಂದ ಹವಳ ನೋಡುತ್ತಿರುವವರು. ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಇಂಜಿನಿಯರಿಗೆ ನಾವು ಇಟ್ಟ ಹೆಸರು ನಟ್ಟಣ್ಣ. ನನ್ನ ಕೆಲಸ ಮೀನಿನ ಸದ್ದು ಕೇಳುವುದು. ಬೆರಳುದ್ದದ ಒಂದು ಜಾತಿಯ ಮೀನು, ಸಮುದ್ರದ ಉಬ್ಬರ, ಅಂದರೆ ಭರತ, ಇಳಿಯತೊಡಗುವ ಹೊತ್ತಿಗೆ ಯಾರೋ ಉಗುರಿನಿಂದ ಮೇಜು ತಟ್ಟಿದ ಹಾಗೆ ಟಕಟಕ ಎನ್ನುತ್ತದೆ. ಮೂರು ವರ್ಷದಲ್ಲಿ ಬಂಡೆ, ಮುಳುಗಿದ ದೋಣಿ, ಸೇತುವೆಯ ಕಂಬ ಎಂದು ನಲವತ್ತಾರು ಕಡೆ ಅದರ ಸದ್ದು ಹಿಡಿದಿದ್ದೆ, ಒಂದೊಂದು ಕಡೆಯೂ ಇಪ್ಪತ್ತು ನಿಮಿಷ. ಉಳಿದದ್ದು ಒಂದೇ, ನಮ್ಮ ಉಕ್ಕಿನ ಮನೆಯ ಅಡಿಯಲ್ಲಿ ಸಂಸಾರ ಹೂಡಿದ್ದ ಗುಂಪು. ಮನುಷ್ಯರ ಮನೆಗೆ ಅಂಟಿಕೊಂಡ ಮೀನು ಬೇರೆ ಥರ ಮಾತಾಡುತ್ತದೆಯೇ? ನನ್ನ ಮೂರು ವರ್ಷ ಈ ಪ್ರಶ್ನೆಯ ಮೇಲೆ ನಿಂತಿತ್ತು. ಉಳಿದ ನಲವತ್ತಾರೂ ಇದಕ್ಕೆ ಹೋಲಿಸಿ ನೋಡಲೆಂದೇ ಇದ್ದವು.

ಆದರೆ ಉಕ್ಕಿನ ಗೋಡೆ ಎಲ್ಲ ಸದ್ದನ್ನೂ ನೀರಿಗೆ ಚಾಡಿ ಹೇಳುತ್ತದೆ. ಮೊದಲ ದಿನ ಪಂಪು. ಎರಡನೇ ದಿನ ದೊಡ್ಡಕ್ಕನ ಸೀನು, ಒಂದಲ್ಲ, ಹನ್ನೊಂದು. ಆಮೇಲೊಂದು ದಿನ ನಟ್ಟಣ್ಣ ನಟ್ಟು ತಿರುಗಿಸುವ ಪಾನ ಬೀಳಿಸಿದ. ಇನ್ನೊಂದು ದಿನ ಅಲ್ಲಾಡಬೇಡ, ಮಲಗಿರು ಎಂದೆ. ಮಲಗಿ ಗೊರಕೆ ಹೊಡೆದ.

"ನಾನೇನು ಬೇಕಂತ ಹೊಡೆದೆನಾ?" ಎಂದು ನನ್ನ ಮೇಲೇ ಮುನಿಸಿಕೊಂಡ.

"ಇವಳ ಮೀನಿಗೋಸ್ಕರ ನಾವು ಉಸಿರಾಡೋದನ್ನೂ ಬಿಡಬೇಕಾ?" ಎಂದರು ದೊಡ್ಡಕ್ಕ.

ಹನ್ನೆರಡನೇ ದಿನವೇ ಕೊನೆಯ ಅವಕಾಶ. ಮರುದಿನ ಬೆಳಿಗ್ಗೆ ನಮ್ಮನ್ನು ಮೇಲಕ್ಕೆ ಒಯ್ಯಲು ಒತ್ತಡ ಇಳಿಸತೊಡಗುತ್ತಾರೆ, ಆಮೇಲೆ ಯಂತ್ರ ನಿಲ್ಲಿಸುವ ಹಾಗಿಲ್ಲ. ಆ ಮಧ್ಯಾಹ್ನ ಭರತ ಇಳಿಯುವುದು ಮೂರೂವರೆಗೆ. ಗಾಳಿ ಶುದ್ಧಮಾಡುವ ಫ್ಯಾನನ್ನು ಇಪ್ಪತ್ತೈದು ನಿಮಿಷ ನಿಲ್ಲಿಸಬಹುದು, ಅದರ ಮೇಲೆ ಒಂದು ನಿಮಿಷವೂ ಕೊಡೆನೆಂದ ನಟ್ಟಣ್ಣ. ಮೇಲೆ ತೆಪ್ಪದಲ್ಲಿ ಕೂತ ಟೆಲಿಫೋನಿನವನಿಗೂ ಹೇಳಿ ಗಂಟೆಯ ಬದಲು ಕೆಂಪು ದೀಪ ಹಾಕಿಸಿದ್ದೆ. ಪ್ರಾಣ ಹೋಗುವಂಥದ್ದಿದ್ದರೆ ಮಾತ್ರ ಫೋನು ಕೊಡು ಎಂದಿದ್ದೆ. ದೀಪ ಬೆಳಗಿದರೆ ತಕ್ಷಣ ಎತ್ತಲೇಬೇಕು, ಇಲ್ಲವಾದರೆ ಕಾಪಾಡಲು ಮುಳುಗುಗಾರರು ಧುಮುಕುತ್ತಾರೆ. ಅದು ಅಲ್ಲಿನ ಕಾನೂನು.

ಫ್ಯಾನು ನಿಂತಿತು. ಮನೆ ಮೊದಲ ಸಲ ಮೌನವಾಯಿತು. ಐದು ನಿಮಿಷ ಕಾದೆವು. ಹೆಡ್‌ಫೋನ್ ಹಾಕಿಕೊಂಡಿದ್ದ ದೊಡ್ಡಕ್ಕ ಹೆಬ್ಬೆರಳೆತ್ತಿದರು. ಮೀನು ಶುರುಮಾಡಿತ್ತು. ಗಡಿಯಾರ ಒತ್ತಿದೆ.

ಎರಡನೇ ನಿಮಿಷಕ್ಕೆ ಕೆಂಪು ದೀಪ.

ಸದ್ದಾಗದಂತೆ ರಿಸೀವರ್ ಎತ್ತಿ ಕಿವಿಗೆ ಒತ್ತಿಕೊಂಡೆ.

"ಮೇಡಂ, ಮನೆಯಿಂದ ಅರ್ಜೆಂಟು. ನಿಮ್ಮ ಅತ್ತೆಗೆ ತುಂಬಾ ಹುಷಾರಿಲ್ಲವಂತೆ. ಮಗು ಅಳ್ತಿದೆ, ಕೊಡ್ತೀನಿ."

ಬಾಯಿ ತೆರೆಯುವಷ್ಟರಲ್ಲಿ ಎಂಟು ವರ್ಷದ ನನ್ನ ಮಗಳ ದನಿ ಬಂತು. "ಅಮ್ಮಾ, ಅಜ್ಜಿ ಚೆನ್ನಾಗಿದಾರೆ, ಟಿವಿ ನೋಡ್ತಿದಾರೆ. ಹಾಗೆ ಹೇಳಿದ್ರೇನೇ ಆ ಅಂಕಲ್ ಫೋನ್ ಕೊಡೋದು."

ಮಾತಾಡಿದರೆ ರೆಕಾರ್ಡಿಂಗ್ ಕೆಟ್ಟಿತು. ಇಟ್ಟುಬಿಡೋಣವೆಂದರೆ, ಕರೆ ಮುಗಿದ ಕೂಡಲೇ ಮೇಲಿನವನು ಸ್ಪೀಕರಿನಲ್ಲಿ "ಎಲ್ಲ ಕ್ಷೇಮವೇ?" ಎಂದು ಕಿರುಚುತ್ತಾನೆ. ಅದೂ ಕಾನೂನೇ. ಸುಮ್ಮನೆ ಹಿಡಿದುಕೊಂಡಿರುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

"ಅಮ್ಮಾ, ಮುಂದಲೆ ಕೂದಲು ನೀನು ಬರೋದ್ರೊಳಗೆ ಬೆಳೆಯುತ್ತಾ? ಸ್ವಲ್ಪವೇ ಕತ್ತರಿಸ್ಕೊಂಡೆ. ಒಂದು ಕಡೆ ಸ್ವಲ್ಪ. ಇನ್ನೊಂದು ಕಡೆ… ಜಾಸ್ತಿ."

ಮೂಗಿನಿಂದ ಉದ್ದನೆಯ ಉಸಿರು ತಾನಾಗಿಯೇ ಹೊರಬಿತ್ತು.

"ಕೋಪ ಬಂತಾ? ಹಾಗಿದ್ರೆ ಗಿಡದ ವಿಷಯಾನೂ ಹೇಳಿಬಿಡ್ತೀನಿ. ನಿನಗೆ ಸಮುದ್ರ ಅಂದ್ರೆ ಇಷ್ಟ ಅಂತ ಕಿಟಕಿ ಹತ್ತಿರದ ಗಿಡಕ್ಕೆ ಉಪ್ಪುನೀರು ಹಾಕಿದೆ. ಈಗ ಅದು ಮಲಗಿದೆ."

ನಾನು ಸುಮ್ಮನಿದ್ದಷ್ಟೂ ಅವಳು ಬಿಚ್ಚುತ್ತ ಹೋದಳು. ಗಣಿತದ ಪತ್ರಿಕೆಗೆ ನನ್ನ ಸಹಿ ತಾನೇ ಹಾಕಿದ್ದಾಳೆ, "ನಿನ್ನ ಸಹಿಗಿಂತ ಚೆನ್ನಾಗೇ ಬಂದಿದೆ." ನನ್ನ ಬಿಳಿ ಕೋಟನ್ನು ಕೆಂಪು ಪರದೆಯ ಜೊತೆ ಮೆಷಿನ್ನಿಗೆ ಹಾಕಿ ಗುಲಾಬಿ ಮಾಡಿದ್ದು ಅಪ್ಪ. ಹೇಳಬೇಡ ಅಂದಿದ್ದಾರೆ, ಅದಕ್ಕೇ ಅವಳು ಹೇಳುತ್ತಿಲ್ಲ. ರಿಸೀವರ್ ಎಷ್ಟು ಒತ್ತಿಕೊಂಡರೂ ಅವಳ ಮಾತು ಪಕ್ಕದ ಮಂಚದವರೆಗೆ ಸಣ್ಣಗೆ ಸೋರುತ್ತಿತ್ತು, ಗೋಡೆ ಮುಟ್ಟುವಷ್ಟಲ್ಲ. ಮಂಚದ ಮೇಲೆ ನಟ್ಟಣ್ಣ ದಿಂಬು ಕಚ್ಚಿಕೊಂಡು ಅಲುಗುತ್ತಿದ್ದ. ದೊಡ್ಡಕ್ಕ ಅವನಿಗೆ ಕಣ್ಣು ಬಿಟ್ಟರು. ಹನ್ನೆರಡು ದಿನದ ಬೈಗುಳವೆಲ್ಲ ನನ್ನ ಗಂಟಲಿನಲ್ಲಿ ಸಾಲುಗಟ್ಟಿ ನಿಂತಿತ್ತು. ಹತ್ತು ನಿಮಿಷ ಆಯಿತು, ಹದಿನಾಲ್ಕಾಯಿತು. ಮೀನು ಇನ್ನೂ ಟಕಟಕ ಅನ್ನುತ್ತಿದೆಯೆಂದು ದೊಡ್ಡಕ್ಕ ಬೆರಳಾಡಿಸಿ ತೋರಿಸಿದರು.

ಹದಿನೇಳನೇ ನಿಮಿಷಕ್ಕೆ ಅವಳ ಸರಕು ಮುಗಿಯಿತು.

"ಅಮ್ಮಾ? ಇದೀಯಾ?"

ಉಸಿರು ಬಿಟ್ಟೆ. ಸಾಲಲಿಲ್ಲ.

"ಅಮ್ಮಾ, ಯಾಕೆ ಬೈತಿಲ್ಲ?" ದನಿ ಸಣ್ಣದಾಯಿತು. "ಸಹಿ ವಿಷಯ ಹೇಳಿದ್ರೂ ಬೈದಿಲ್ಲ. ಅಮ್ಮ ಆಗಿದ್ರೆ ಬೈದೇ ಬೈತಿದ್ಲು. ಇದು ಅಮ್ಮ ಅಲ್ಲ. ಯಾರದು? ನಮ್ಮಮ್ಮನಿಗೆ ಏನಾಯ್ತು?" ಆಮೇಲೆ ರಿಸೀವರಿನಿಂದ ದೂರ ತಿರುಗಿ, ನಾನು ಎಂದೂ ಕೇಳಿರದ ದನಿಯಲ್ಲಿ ಕೂಗಿದಳು, "ಅಜ್ಜೀ, ಅಮ್ಮ ಮುಳುಗಿಹೋದ್ಲು!"

ಗಡಿಯಾರ ನೋಡಿದೆ. ಇನ್ನು ಎರಡು ನಿಮಿಷ ಚಿಲ್ಲರೆ. ದೊಡ್ಡಕ್ಕ ಬೇಡ ಬೇಡವೆಂದು ಎರಡೂ ಕೈ ಆಡಿಸುತ್ತಿದ್ದರು.

"ಎಲ್ಲೇ ಮುಳುಗಿಹೋದೆ ನಾನು, ಕತ್ತೆ!" ಎಂದೆ. ಉಕ್ಕಿನ ಮನೆ ಗುಂಯ್ ಎಂದಿತು. "ಕತ್ತರಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದೀನಿ? ನನ್ನ ಸಹಿ ಹಾಕೋಷ್ಟು ದೊಡ್ಡವಳಾದೆಯಾ? ಅಜ್ಜಿಗೆ ಇಲ್ಲದ ಕಾಯಿಲೆ ಬರಿಸಿದೀಯಲ್ಲ, ಬಾಯಿಗೆ ಬಂದಿದ್ದು ಹೇಳೋದಾ? ಅಪ್ಪ ಬಂದಮೇಲೆ ಕೂದಲು ಸಮ ಮಾಡಿಸ್ಕೊ. ಆ ಗಿಡಕ್ಕೆ ಒಳ್ಳೇ ನೀರು ಹಾಕು, ಈಗಲೇ, ಎರಡು ಚೊಂಬು!"

ಆ ಕಡೆ ಮೂಗು ಸುರ್ರೆಂದಿತು. "ಅಜ್ಜೀ, ಇದಾಳೆ! ಬೈತಿದಾಳೆ!" ಓಡುವ ಹೆಜ್ಜೆ ಕೇಳಿಸಿತು. ನನಗೆ ಫೋನ್ ಇಡ್ತೀನಿ ಎಂದೂ ಹೇಳಲಿಲ್ಲ. ಗಿಡಕ್ಕೆ ನೀರು ಹಾಕಲು ಹೋಗಿರಬೇಕು.

ರಿಸೀವರ್ ಇಟ್ಟದ್ದೇ ಸ್ಪೀಕರ್ ಕಿರುಚಿತು. "ಎಲ್ಲ ಕ್ಷೇಮವೇ? ಅತ್ತೆ ಹೇಗಿದಾರೆ ಮೇಡಂ?"

"ಅವರಿಗೇನು, ಟಿವಿ ನೋಡ್ತಿದಾರೆ. ನೀವು ಇನ್ನೊಂದು ಸಲ ಮಗು ಅಳು ಕೇಳಿ ಕರಗಿದ್ರೆ ನೋಡಿ!"

ನಟ್ಟಣ್ಣ ಫ್ಯಾನು ಹಾಕಿದ. ಬಿದ್ದು ಬಿದ್ದು ನಗುತ್ತಲೇ ಹಾಕಿದ. ದೊಡ್ಡಕ್ಕ ಹೆಡ್‌ಫೋನನ್ನು ಮೇಜಿಗೆ ಕುಕ್ಕಿದರು.

"ಹದಿನೇಳು ನಿಮಿಷ ನಲವತ್ತು ಸೆಕೆಂಡು. ಇನ್ನು ಎರಡು ನಿಮಿಷ ಇಪ್ಪತ್ತು ಸೆಕೆಂಡು ತಡ್ಕೊಳ್ಳೋಕೆ ಆಗಲಿಲ್ವಾ ನಿನಗೆ?"

"ಆಗಲಿಲ್ಲ ಅಕ್ಕ."

"ಮಗು ಐದು ನಿಮಿಷ ಅತ್ತು ಸುಮ್ಮನಾಗ್ತಿತ್ತು."

"ಆಗ್ತಿತ್ತು," ಎಂದೆ. ಆ ಐದು ನಿಮಿಷ ನನಗೆ ಬೇಕಿರಲಿಲ್ಲ, ಅಷ್ಟೇ. ಅದನ್ನು ಅವರಿಗೆ ವಿವರಿಸಿ ಹೇಳುವ ತಾಳ್ಮೆಯೂ ಉಳಿದಿರಲಿಲ್ಲ.

"ಈಗ ಏನ್ಮಾಡ್ತೀಯ? ಇದು ಗಿಡ್ಡ, ಉಳಿದದ್ದೆಲ್ಲ ಉದ್ದ. ಹೇಗೆ ಹೋಲಿಸ್ತೀಯ?"

ಒಂದು ಕಾಲು ಗಿಡ್ಡವಾದ ಪೈಜಾಮವನ್ನು ಏನು ಮಾಡುತ್ತೇವೆ? ಇನ್ನೊಂದನ್ನೂ ಅಷ್ಟಕ್ಕೇ ಮಡಚುತ್ತೇವೆ. "ನಲವತ್ತಾರನ್ನೂ ಹದಿನೇಳು ನಲವತ್ತಕ್ಕೆ ಕತ್ತರಿಸ್ತೀನಿ. ಎಲ್ಲ ಮತ್ತೆ ಎಣಿಸ್ತೀನಿ."

"ಮೂರು ತಿಂಗಳ ಕೆಲಸ ಕಣೇ!"

"ಗೊತ್ತು ಅಕ್ಕ! ನನಗೇ ಹೇಳ್ತೀರಲ್ಲ!"

ಅವರು ಹಣೆ ಚಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು, ಕೋಪ ಬಿಡದೆಯೇ ಹೇಳಿದರು, "ಕಂಬದ್ದು ನನಗೆ ಕೊಡು. ಬಂಡೆದು ನೀನು ನೋಡ್ಕೊ."

"ಈಗ ಸದ್ದು ಮಾಡಬಹುದಾ?" ಎಂದ ನಟ್ಟಣ್ಣ.

"ಏನು ಬೇಕಾದ್ರೂ ಮಾಡು ಮಾರಾಯ!"

ಅವನು ಪಂಪಿನ ಮುಚ್ಚಳ ತೆಗೆದು ಬಡಿಯತೊಡಗಿದ. ನಾನು ಮೊದಲನೆಯ ಬಂಡೆಯ ಫೈಲು ತೆರೆದು, ಕೊನೆಯ ಎರಡು ನಿಮಿಷ ಇಪ್ಪತ್ತು ಸೆಕೆಂಡು ಕತ್ತರಿಸಿ, ಟಕಟಕಗಳನ್ನು ಒಂದರಿಂದ ಎಣಿಸಲು ಕೂತೆ.