ಕೆಂಪು ಬಾವುಟ ಇಳಿಯುವವರೆಗೆ

ದ್ವೀಪದ ಕೋಟೆ ನೋಡಿಕೊಂಡು ವಾಪಸು ಹೊರಟವರು ನಲವತ್ತೊಂಬತ್ತು ಮಂದಿ. ದೋಣಿಯಲ್ಲಿ ಜಾಗ ಇದ್ದದ್ದು ನಲವತ್ತು ಮಂದಿಗೆ. ಇದು ಹೊಸದೇನಲ್ಲ. ಮೊದಲ ಸಲಕ್ಕೆ ನಲವತ್ತು ಜನ, ಎರಡನೆಯ ಸಲಕ್ಕೆ ಉಳಿದವರು ಎಂದು ಇಪ್ಪತ್ತೆರಡು ವರ್ಷಗಳಿಂದ ನಡೆದುಕೊಂಡು ಬಂದಿತ್ತು. ಗೈಡ್ ದೋಣಿ ಹತ್ತುವ ಹಲಗೆಯ ಪಕ್ಕ ನಿಂತು ಒಬ್ಬೊಬ್ಬರ ಭುಜ ಮುಟ್ಟಿ ಎಣಿಸುತ್ತಿದ್ದಳು. ಟೂರ್ ಆಫೀಸಿನಲ್ಲಿ ಅವಳಿಗೆ ಮೈಕಮ್ಮ ಎಂದೇ ಹೆಸರು. ಬಸ್ಸಿನ ಮೈಕು ಕೆಟ್ಟ ದಿನವೂ ಕೊನೆಯ ಸೀಟಿನವರಿಗೆ ಕೇಳುವಂತೆ ಮಾತಾಡುವವಳು ಎಂದು ಡ್ರೈವರ್ ಇಟ್ಟ ಹೆಸರು ಅದು.

ನಲವತ್ತನೆಯವರಾಗಿ ಹತ್ತಿದ್ದು ವಾಚ್ ಅಂಗಡಿಯವರು. ಬೆಳಿಗ್ಗೆ ಬಸ್ ಹತ್ತುವಾಗಲೇ ಅವರು ಅವಳ ಕೈಗಡಿಯಾರ ನೋಡಿ, "ನಿಮ್ಮದು ಎರಡು ನಿಮಿಷ ಹಿಂದಿದೆಯಮ್ಮ" ಎಂದಿದ್ದರು. ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡಿದವರು. ಸಮುದ್ರ ನೋಡಲು ಹೆಂಡತಿಯನ್ನು ಕರೆದುಕೊಂಡು ಹೊರಟಿದ್ದು ಇದೇ ಮೊದಲು. ಅವರ ಹಿಂದೆಯೇ ಹೆಂಡತಿ ಹಲಗೆಯ ಮೇಲೆ ಕಾಲಿಡಲು ಬಂದರು. ಗೈಡ್ ಕೈ ಅಡ್ಡ ಹಿಡಿದಳು.

"ಅಮ್ಮ, ನಲವತ್ತಾಯ್ತು. ನೀವು ಮುಂದಿನದ್ರಲ್ಲಿ ಬನ್ನಿ."

"ಹಾಗಾದ್ರೆ ನಾನೂ ಇಳೀತೀನಿ" ಎಂದರು ವಾಚ್ ಅಂಗಡಿಯವರು. "ಇಬ್ಬರೂ ಒಟ್ಟಿಗೇ ಬರ್ತೀವಿ."

ದೋಣಿ ಆಗಲೇ ಓಲಾಡುತ್ತಿತ್ತು. ಅವರ ಮಂಡಿನೋವನ್ನು ಗೈಡ್ ಬೆಳಗಿನಿಂದ ನೋಡಿದ್ದಳು. ಹತ್ತಿಸಲಿಕ್ಕೇ ಇಬ್ಬರು ಹಿಡಿಯಬೇಕಾಗಿತ್ತು. ಮೇಲಾಗಿ ದೋಣಿಯವನು ಬೇಗ ಬೇಗ ಎಂದು ಅವಸರ ಮಾಡುತ್ತಿದ್ದ.

"ಬೇಡ ಸರ್, ಕೂತ್ಕೊಳ್ಳಿ. ಅರ್ಧ ಗಂಟೇಲಿ ನಿಮ್ಮೋರು ಅಲ್ಲಿರ್ತಾರೆ. ನನ್ನ ಜವಾಬ್ದಾರಿ."

"ಹೋಗ್ರೀ" ಎಂದು ಹೆಂಡತಿಯೂ ನಕ್ಕರು. "ಅರ್ಧ ಗಂಟೆ ನಿಮ್ಮ ಕಾಟ ತಪ್ಪುತ್ತೆ."

ದೋಣಿಯಲ್ಲಿದ್ದವರೆಲ್ಲ ನಕ್ಕರು. ವಾಚ್ ಅಂಗಡಿಯವರೂ ನಾಚಿಕೊಂಡು ಕೂತರು. ಗೈಡೂ ಹತ್ತಿ ದೋಣಿಯವನ ಪಕ್ಕ ನಿಂತಳು.

ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ಮೊದಲು ಯಾರದೋ ಟೊಪ್ಪಿಗೆ ಹಾರಿಹೋಯಿತು. ಆಮೇಲೆ ಅಲೆಗಳು ದೋಣಿಯ ಅಂಚು ದಾಟಿ ಒಳಗೆ ಬೀಳತೊಡಗಿದವು. ದಡ ಮುಟ್ಟುವಷ್ಟರಲ್ಲಿ ನಲವತ್ತು ಜನವೂ ತೊಯ್ದು ತೊಪ್ಪೆಯಾಗಿದ್ದರು. ಕೊನೆಯವರನ್ನು ಕೈ ಹಿಡಿದು ಇಳಿಸಿಕೊಂಡು ಗೈಡ್ ತಲೆಯೆತ್ತಿದರೆ ಬಂದರಿನ ಕಚೇರಿಯ ಮೇಲೆ ಕೆಂಪು ಬಾವುಟ ಏರುತ್ತಿತ್ತು. ಅದು ಇಳಿಯುವವರೆಗೆ ಯಾವ ದೋಣಿಯೂ ದಡ ಬಿಡುವಂತಿಲ್ಲ. ಗಂಟೆ ಮೂರು ದಾಟಿತ್ತು.

ಅವಳಿಗೆ ಆಗಲೂ ಗಾಬರಿಯಾಗಲಿಲ್ಲ. ದ್ವೀಪದಲ್ಲಿ ಕಾವಲುಗಾರನಿದ್ದಾನೆ, ಅವನಿಗೊಂದು ಕೋಣೆಯಿದೆ, ಕುಡಿಯುವ ನೀರಿದೆ. ಒಂಬತ್ತು ಜನ ಅಲ್ಲೇ ಒಂದಷ್ಟು ಹೊತ್ತು ಬೇಸರದಿಂದ ಕೂತಿರುತ್ತಾರೆ, ನಾಳೆ ಆಫೀಸಿಗೊಂದು ದೂರು ಬರುತ್ತದೆ, ಅಷ್ಟೆ. ಹೀಗಂದುಕೊಳ್ಳುತ್ತ ತಿರುಗಿದಾಗ ವಾಚ್ ಅಂಗಡಿಯವರು ತಮ್ಮ ಹೆಗಲಿನ ಚೀಲದೊಳಗೆ ಕೈ ಹಾಕಿಕೊಂಡು ಕಲ್ಲಿನಂತೆ ನಿಂತಿದ್ದರು.

"ಅವಳ ಪಂಪು ನನ್ನ ಹತ್ರ ಇದೆ" ಎಂದರು.

"ಯಾವ ಪಂಪು ಸರ್?"

ಅವರು ಚೀಲದಿಂದ ಹೆಬ್ಬೆರಳು ಗಾತ್ರದ ನೀಲಿ ಇನ್ಹೇಲರ್ ತೆಗೆದು ತೋರಿಸಿದರು. "ಉಸಿರಿಂದು. ಅವಳಿಗೆ ಗಾಳಿ ಆಗಲ್ಲ."

ಗೈಡ್ ದ್ವೀಪದ ಕಡೆ ತಿರುಗಿದಳು. ಅಲ್ಲಿ ಈಗ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ.

ಕಾವಲುಗಾರನಿಗೆ ಫೋನ್ ಮಾಡಿದಳು. ಅವನು ಎತ್ತುತ್ತಲೇ, "ನಾನೇ ಮಾಡೋನಿದ್ದೆ ಮೈಕಮ್ಮ. ಇಲ್ಲೊಬ್ಬ ಅಮ್ಮನಿಗೆ ಉಸಿರು ಸಿಗ್ತಿಲ್ಲ. ಒಳಗೆ ಕೂರಿಸಿದ್ದೀನಿ, ಬಾಗಿಲು ಹಾಕಿದ್ದೀನಿ. ಏನು ಮಾಡ್ಲಿ ಹೇಳಿ" ಎಂದ.

ಏನು ಮಾಡಲಿ ಎಂದು ಕೇಳುವವರಿಗೆಲ್ಲ ಇಪ್ಪತ್ತೆರಡು ವರ್ಷ ಥಟ್ಟನೆ ಉತ್ತರ ಕೊಟ್ಟಿದ್ದವಳು ಅವಳು. ಕೋಟೆ ಕಟ್ಟಿದವರು ಯಾರು, ದೀಪಸ್ತಂಭಕ್ಕೆ ಮೆಟ್ಟಿಲು ಎಷ್ಟು, ಶೌಚಾಲಯ ಎಲ್ಲಿ, ಎಲ್ಲವೂ ನಾಲಿಗೆಯ ತುದಿಯಲ್ಲಿರುತ್ತಿತ್ತು. ಈಗ ಎಲ್ಲೋ ಕೇಳಿದ್ದನ್ನೆಲ್ಲ ನೆನಪಿಸಿಕೊಂಡು ಹೇಳಿದಳು:

"ಉಳಿದವರಲ್ಲಿ ಯಾರ ಹತ್ರಾನಾದ್ರೂ ಇಂಥ ಪಂಪು ಇದೆಯಾ ಕೇಳಿ. ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ನಾನು ದೋಣಿ ಕಳಿಸ್ತೀನಿ."

ಪಂಪು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ದೋಣಿ ಕಳಿಸ್ತೀನಿ ಎಂದದ್ದೇನೋ ಆಯಿತು. ಬಂದರಿನ ಅಧಿಕಾರಿಯ ಕೋಣೆಗೆ ಓಡಿದಳು. ಅಧಿಕಾರಿ ಕೆಟ್ಟವನಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವನು ಎದ್ದು ನಿಂತು ಮಾತಾಡಿದ, ಕುರ್ಚಿ ಕೊಟ್ಟ, ಅವಳ ಎದುರಿಗೇ ರಕ್ಷಣಾ ದೋಣಿಯವರಿಗೆ ಫೋನ್ ಮಾಡಿದ. ಆ ದೋಣಿ ಉತ್ತರದ ಕಡೆ ಮಗುಚಿದ ಮೀನುಗಾರರ ದೋಣಿಯ ಹತ್ತಿರ ಇತ್ತು. ನಾಲ್ಕು ಜನ ನೀರಿನಲ್ಲಿದ್ದರು. ಅವರನ್ನು ಎತ್ತಿಕೊಂಡ ಕೂಡಲೇ ದ್ವೀಪಕ್ಕೆ ಹೋಗುತ್ತೇವೆ ಎಂದರು. ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಮಾತ್ರ ಅವರೂ ಹೇಳಲಿಲ್ಲ.

"ಹೆಲಿಕಾಪ್ಟರ್?"

"ಈ ಗಾಳೀಲಿ ಹಾರಿಸಲ್ಲಮ್ಮ. ಕೇಳಿದ್ದೀನಿ, ಆಗಲೇ."

ಅವಳು ದೋಣಿಯವನ ಬಳಿಗೆ ಬಂದಳು. ಹದಿನೈದು ವರ್ಷದಿಂದ ಜೊತೆಗೆ ಕೆಲಸ ಮಾಡಿದವನು. ಅಣ್ಣಾ ಎಂದು ಕರೆದು ಕೈ ಮುಗಿದಳು. ಅವನು ಸಮುದ್ರದ ಕಡೆ ಒಮ್ಮೆ ನೋಡಿದ, ತನ್ನ ದೋಣಿಯ ಕಡೆ ಒಮ್ಮೆ ನೋಡಿದ.

"ನೀನೇ ಬಂದೆಯಲ್ಲ ತಾಯಿ ಈಗ ಇದ್ರಲ್ಲೇ. ಇನ್ನೊಂದು ಸಲ ಹೋದ್ರೆ ನಾನೂ ಇರಲ್ಲ, ದೋಣೀನೂ ಇರಲ್ಲ. ಆ ಅಮ್ಮನಿಗೆ ಏನು ಉಪಯೋಗ?" ಎಂದವನು ಮುಖ ತಿರುಗಿಸಿಕೊಂಡು ಹಗ್ಗ ಬಿಗಿಯತೊಡಗಿದ. ಹಗ್ಗ ಆಗಲೇ ಬಿಗಿಯಾಗಿತ್ತು.

ದಡದಿಂದ ದ್ವೀಪ ಚೆನ್ನಾಗಿ ಕಾಣುತ್ತಿತ್ತು. ಕಾವಲುಗಾರನ ಕೋಣೆಯ ಹಸಿರು ಬಾಗಿಲು ಕೂಡ ಕಾಣುತ್ತಿತ್ತು. ವಾಚ್ ಅಂಗಡಿಯವರು ದೋಣಿ ನಿಲ್ಲುವ ಜೆಟ್ಟಿಯ ಕೊನೆಯ ಕಂಬದ ಬುಡದಲ್ಲಿ, ಇನ್ಹೇಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು. ಬಸ್ಸಿನಲ್ಲಿದ್ದ ಒಬ್ಬ ಹೆಂಗಸು ತನ್ನ ಶಾಲು ತಂದು ಅವರಿಗೆ ಹೊದಿಸಿ ಹೋದಳು.

"ಸರ್, ಮಾತಾಡ್ತೀರಾ?" ಎಂದು ಗೈಡ್ ತನ್ನ ಫೋನನ್ನು ಅವರ ಕಿವಿಗೆ ಹಿಡಿದಳು. ಆಚೆಯಿಂದ ಬಂದದ್ದು ಮಾತಲ್ಲ, ಉಸಿರು. ಎಳೆದು, ಸಿಕ್ಕಿಹಾಕಿಕೊಂಡು, ಮತ್ತೆ ಎಳೆಯುವ ಉಸಿರು. ಗೈಡಿಗೂ ಕೇಳಿಸುತ್ತಿತ್ತು.

"ಲೇ, ನಾನು ಕಣೇ" ಎಂದರು ಅವರು. "ಮಾತಾಡ್ಬೇಡ. ಕೇಳಿಸ್ಕೋ ಸಾಕು. ನಾನು ಎಣಿಸ್ತೀನಿ, ನೀನು ಉಸಿರು ಬಿಡು. ದೀಪ ಊದೋ ಹಾಗೆ, ನಿಧಾನಕ್ಕೆ. ಒಂದು... ಎರಡು... ಮೂರು... ನಾಲ್ಕು. ಈಗ ತಗೋ. ಒಂದು... ಎರಡು."

ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಒಂದಿಷ್ಟೂ ಅವಸರವಿಲ್ಲದೆ ಅವರು ಎಣಿಸಿದರು. ಅರ್ಧ ಗಂಟೆ ಎಣಿಸಿದರು. ಮುಕ್ಕಾಲು ಗಂಟೆ ಎಣಿಸಿದರು. ದನಿ ಕಟ್ಟಿದಾಗ ಗೈಡ್ ನೀರು ಕುಡಿಸಿದಳು. ಗುಟುಕಿನ ನಡುವೆ ಲೆಕ್ಕ ತಪ್ಪದಿರಲೆಂದು ಅವಳೇ ಎಣಿಸಿದಳು. ಅವಳ ದನಿ ನಡುಗಿತು. ಆ ಕಡೆ ಉಸಿರು ಒಮ್ಮೆ ಮುಗ್ಗರಿಸಿತು. "ನೀವು ಬೇಡಮ್ಮ, ಅವಳಿಗೆ ಹೆದರಿಕೆಯಾಗುತ್ತೆ" ಎಂದು ಅವರು ಮೆಲ್ಲಗೆ ಹೇಳಿ ಮತ್ತೆ ತಾವೇ ಶುರುಮಾಡಿದರು. ಅವಳಿಗಿನ್ನು ಫೋನ್ ಹಿಡಿದುಕೊಳ್ಳುವ ಕೆಲಸ ಮಾತ್ರ ಉಳಿಯಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಸದ್ದು ನಿಂತಿತು. ಉಸಿರು ನಿಂತಿತೋ ಫೋನ್ ನಿಂತಿತೋ ಗೊತ್ತಾಗಲಿಲ್ಲ. ಗೈಡ್ ಮತ್ತೆ ಮತ್ತೆ ಒತ್ತಿದಳು. ಕಾವಲುಗಾರನ ಫೋನ್ ಸ್ವಿಚ್ ಆಫ್ ಎಂದು ಬಂತು. ದ್ವೀಪದಲ್ಲಿದ್ದ ಉಳಿದವರ ನಂಬರಿಗಾಗಿ ಆಫೀಸಿಗೆ ಮಾಡಿದಳು. ಎರಡು ಸಿಕ್ಕವು, ಎರಡಕ್ಕೂ ಸಿಗ್ನಲ್ ಇರಲಿಲ್ಲ.

"ಚಾರ್ಜ್ ಮುಗಿದಿರುತ್ತೆ ಸರ್. ಖಂಡಿತ ಚಾರ್ಜೇ."

ಅವರು ತಲೆಯಾಡಿಸಿದರು. ಆಮೇಲೆ ಫೋನಿಲ್ಲದೆಯೇ, ದ್ವೀಪದ ಕಡೆ ಮುಖ ಮಾಡಿ, ತುಟಿಯಲ್ಲೇ ಎಣಿಸತೊಡಗಿದರು. ಗೈಡ್ ಅವರ ಪಕ್ಕದಲ್ಲಿ ಒದ್ದೆ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಳು. ಸರ್, ಇಳೀರಿ ಅನ್ನಬೇಕಿತ್ತು ನಾನು ಎಂದು ಹೇಳಲು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು. ಲೆಕ್ಕ ತಪ್ಪುತ್ತಿತ್ತು.

ರಕ್ಷಣಾ ದೋಣಿ ದ್ವೀಪ ಮುಟ್ಟಿದ್ದು ಐದೂಮುಕ್ಕಾಲಿಗೆ. ಅಲ್ಲಿಂದ ಹೊರಟ ಬಿಳಿಯ ಚುಕ್ಕೆಯೊಂದು ಅಲೆಯ ಮೇಲೆ ಏರುತ್ತ ಇಳಿಯುತ್ತ ಹತ್ತಿರ ಬರುವುದನ್ನು ಜೆಟ್ಟಿಯಲ್ಲಿ ನಿಂತವರೆಲ್ಲ ನೋಡಿದರು. ಸ್ಟ್ರೆಚರಿನ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡಿದ್ದ ಹೆಂಗಸಿನ ತುಟಿ ನೀಲಿಗಟ್ಟಿತ್ತು, ಕಣ್ಣು ಅರೆಮುಚ್ಚಿತ್ತು. ಆದರೆ ಎದೆ ಏರಿಳಿಯುತ್ತಿತ್ತು. ವಾಚ್ ಅಂಗಡಿಯವರು ಆಗ ಎಣಿಕೆ ನಿಲ್ಲಿಸಿದರು. ಮುಷ್ಟಿ ಬಿಚ್ಚಲು ಅವರ ಕೈಲಿ ಆಗಲಿಲ್ಲ. ಆಂಬುಲೆನ್ಸಿನ ನರ್ಸ್ ಒಂದೊಂದೇ ಬೆರಳು ಬಿಡಿಸಿ ಇನ್ಹೇಲರ್ ತೆಗೆದುಕೊಂಡಳು.

ಒಂಬತ್ತು ದಿನ ಆಸ್ಪತ್ರೆಯಾಯಿತು. ಮೊದಲ ನಾಲ್ಕು ದಿನ ಕೊಳವೆಯಲ್ಲಿ ಉಸಿರು. ಗೈಡ್ ಪ್ರತಿ ಸಂಜೆ ಕೆಲಸ ಮುಗಿಸಿ ಬರುತ್ತಿದ್ದಳು. ಬೈದರೆ ಬೈಯಲಿ ಎಂದು ತಯಾರಾಗಿಯೇ ಬರುತ್ತಿದ್ದಳು. ವಾಚ್ ಅಂಗಡಿಯವರು ಅವಳಿಗೆ ಕುರ್ಚಿ ಬಿಟ್ಟುಕೊಟ್ಟು ತಾವು ಮಂಚದ ಅಂಚಿಗೆ ಕೂರುತ್ತಿದ್ದರು. ಆರನೆಯ ದಿನ ಹೆಂಡತಿಗೆ ಮಾತು ಬಂತು. ಗೈಡಿನ ಕೈ ಹಿಡಿದು ಹತ್ತಿರಕ್ಕೆಳೆದು, "ಅವತ್ತು ಇವರು... ಏನಾದ್ರೂ ತಿಂದ್ರಾ?" ಎಂದು ಕೇಳಿದರು.

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗಿನ ಹಜಾರಕ್ಕೆ ಬಂದು ಗೋಡೆಗೆ ಮುಖ ಮಾಡಿ ನಿಂತಳು. ಹಿಂದೆಯೇ ಬಂದ ವಾಚ್ ಅಂಗಡಿಯವರಿಗೆ, "ನಿಮ್ಮನ್ನ ನಾನು ಇಳಿಯೋಕೆ ಬಿಡ್ಲಿಲ್ಲ ಸರ್" ಎಂದಳು.

"ಬಿಡ್ಲಿಲ್ಲ" ಎಂದರು ಅವರು. ಕೋಪವಿರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದ್ದರು. "ಇಳಿದಿದ್ರೆ ನಿಮಗೆ ಯಾರೂ ಥ್ಯಾಂಕ್ಸ್ ಹೇಳ್ತಿರಲಿಲ್ಲ. ಹತ್ತಿದ ಮೇಲೆ ಇಳಿದು ದೋಣಿ ತಡ ಮಾಡಿದ ಮುದುಕ ಅಂತ ಎಲ್ಲರೂ ನನ್ನ ಬೈತಿದ್ರು." ಅಷ್ಟು ಹೇಳಿ ಒಳಗೆ ಹೋದರು. ಅದು ಕ್ಷಮೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಮ್ಯಾನೇಜರ್ ಅವಳು ಬರೆದುಕೊಟ್ಟ ವರದಿಯನ್ನು ಓದಿ ಬದಿಗಿಟ್ಟ. ಯಾರೂ ದೂರು ಕೊಟ್ಟಿಲ್ಲ, ನಿನ್ನ ಮೇಲೆ ಏನೂ ಬರಲ್ಲ ಎಂದ. ಬರಲಿ ಎಂದೇ ಬರೆದಿದ್ದೇನೆ ಎಂದರೆ ಅವನಿಗೆ ಅರ್ಥವಾಗಲಿಲ್ಲ. ನನ್ನನ್ನು ದ್ವೀಪದ ದಾರಿಯಿಂದ ತೆಗೆದು ಮ್ಯೂಸಿಯಮ್ಮಿಗೆ ಹಾಕಿ ಎಂದು ಕೇಳಿದಳು. ದೋಣಿಗೆ ಹೋಗಲು ಬೇರೆ ಜನ ಎಲ್ಲಿದ್ದಾರೆ ಎಂದ.

ಸೋಮವಾರ ಅವಳು ನಲವತ್ತಾರು ಮಂದಿಯನ್ನು ಕರೆದುಕೊಂಡು ದ್ವೀಪಕ್ಕೆ ಹೋದಳು. ಸಮುದ್ರ ಏನೂ ಆಗಿಲ್ಲವೆಂಬಂತೆ ತಣ್ಣಗೆ ಮಲಗಿತ್ತು. ಕಾವಲುಗಾರ ಅವಳನ್ನು ಪಕ್ಕಕ್ಕೆ ಕರೆದು, ಕಾಗದದಲ್ಲಿ ಸುತ್ತಿದ ಏನನ್ನೋ ಕೊಟ್ಟ. ಬಿಚ್ಚಿದರೆ ಹೆಂಗಸರ ಒಂಟಿ ಚಪ್ಪಲಿ, ಎಡಗಾಲಿನದು. ತೀರ ಹೊಸದು.

"ಸ್ಟ್ರೆಚರ್ ಎತ್ತುವಾಗ ಬಿದ್ದಿತ್ತು. ತೊಳೆದು ಇಟ್ಟಿದ್ದೆ. ಆ ಅಮ್ಮನಿಗೆ ಕೊಡ್ತೀರಾ?"

ಆ ಅಮ್ಮ ಹಿಂದಿನ ದಿನವೇ ರೈಲು ಹತ್ತಿ ಊರಿಗೆ ಹೋಗಿದ್ದರು. ಅದನ್ನು ಹೇಳದೆ ಗೈಡ್ ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಚೆ ಕೋಟೆಯ ಬಾಗಿಲಲ್ಲಿ ಯಾರೋ, "ಮೇಡಂ, ವಾಪಸು ಹೋಗೋದು ಎಷ್ಟು ಗಂಟೆಗೆ?" ಎಂದು ಕೂಗಿ ಕೇಳುತ್ತಿದ್ದರು.