ಎಮ್ಮೆ ಕೊಟ್ಟು ತಂದ ಜಾಝ್

ಕರಕರ, ಕರಕರ — ಇದು ಸೂಜಿ, ರಿಕಾರ್ಡಿನ ಅಂಚಿಗೆ ಸೂಜಿ ಕೂತ ಸದ್ದು, ಸಾವಿರ ಸದ್ದಿನೊಳಗೆ ಕಲಸಿ ಕೊಟ್ಟರೂ ನಾನು ಇದನ್ನು ಆರಿಸಿ ತೆಗೆದೇನು, ಗಂಗಾವತಿಯಲ್ಲಿ ನನ್ನ ಕಿವಿಯಂಥ ಕಿವಿ ಇನ್ನೊಂದಿಲ್ಲ, ರಾಯಚೂರಿನ ತನಕ ಹುಡುಕಿದರೂ ಸಿಗಲಿಕ್ಕಿಲ್ಲ — ಆದರೆ ಕೂರಿಸಿದವರು ಯಾರು, ನಾನಂತೂ ಇಲ್ಲಿ ಹಿತ್ತಿಲಲ್ಲಿ, ಪಪ್ಪಾಯಿ ಗಿಡದ ಮರೆಗೆ, ಚಪ್ಪಲಿ ಕೈಯಲ್ಲಿ ಹಿಡಿದು ನನ್ನದೇ ಮನೆಗೆ ಕನ್ನ ಹಾಕಲು ಬಂದವನ ಹಾಗೆ ನಿಂತಿದ್ದೇನೆ, ಒಳಗಿರುವವಳು ನನ್ನ ಹೆಂಡತಿ ಶೈಲಜಾ ಒಬ್ಬಳೇ, ನಾಲ್ಕು ವರ್ಷದಲ್ಲಿ ಆ ಯಂತ್ರವನ್ನು ಧೂಳು ಒರೆಸಲಿಕ್ಕೂ ಮುಟ್ಟದವಳು, ಅಂದರೆ ಬಂದಿದ್ದಾನೆ, ನನ್ನ ಸಾಲೆಯ ಗೆಳೆಯ ಕಲ್ಲೇಶ ಬಂದೇ ಬಿಟ್ಟಿದ್ದಾನೆ, ಹನ್ನೆರಡಕ್ಕೆ ಬಾ ಅಂದರೆ ಹತ್ತಕ್ಕೇ ಬಂದು ನನ್ನ ಕುರ್ಚಿಯಲ್ಲಿ ಕೂತಿದ್ದಾನೆ, ನಾನು ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು, ಇದು ನನಗೆ ಗೊತ್ತಿತ್ತು, ಗೊತ್ತಿದ್ದೇ ಗಿರಾಕಿಗೆ ಪೈಪು ಅಳೆದುಕೊಡುವುದನ್ನು ಅರ್ಧಕ್ಕೆ ಬಿಟ್ಟು ಶಟರ್ ಎಳೆದು ಬಂದೆ, ಸಾವುಕಾರ್ರ ಪೈಪರೆ ಕೊಟ್ಟು ಹೋಗ್ರಿ ಅಂತ ಅವನು ಇನ್ನೂ ಒದರುತ್ತಿರಬೇಕು, ಮುಂದಿನ ಬಾಗಿಲಿಗೆ ಹೋಗುವ ಹಾಗಿಲ್ಲ, ಎದುರು ಮನೆ ಹಂಪಣ್ಣ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿರುತ್ತಾನೆ, ಏನ್ರಿ ಸಿದ್ದೇಶಣ್ಣ ಇಷ್ಟ ಲಗೂನ ಬಂದ್ರಿ ಅಂತ ಓಣಿಗೆಲ್ಲ ಕೇಳುವ ಹಾಗೆ ಕೇಳುತ್ತಾನೆ, ಒಳಗಿದ್ದವರು ಎಚ್ಚರಾಗಿ ಬಿಡುತ್ತಾರೆ — ಅದಕ್ಕೇ ಹಿಂದಿನ ಸಂದಿ, ಕಾಲಿಗೆ ನೆಗ್ಗಿಲು ಮುಳ್ಳು ಚುಚ್ಚಿದೆ, ಮುಳ್ಳೇನು, ಮೊಳೆ ಅನ್ನಬೇಕು, ಆದರೂ ಹಾ ಅನ್ನಲಿಲ್ಲ ನಾನು.

ನನ್ನ ರಿಕಾರ್ಡು, ನನ್ನ ಯಂತ್ರ, ನನ್ನ ಹೆಂಡತಿ, ನನ್ನ ಕುರ್ಚಿ. ಹುಬ್ಬಳ್ಳಿಯಿಂದ ಹೈದರಾಬಾದಿನ ತನಕ ಇಂಥ ಜಾಝ್ ಸಂಗ್ರಹ ಇನ್ನೊಬ್ಬನ ಹತ್ತಿರ ಇಲ್ಲ ಎಂದು ಅಂಗಡಿಗೆ ಪಂಪು ಮೋಟರ್ ಕೊಳ್ಳಲು ಬಂದವರಿಗೆಲ್ಲ ಹೇಳಿದ್ದೇನೆ, ಎರಡು ಸಾವಿರ ಎಂದೇ ಹೇಳುತ್ತೇನೆ, ಒಂದು ಟ್ರಂಕಿನಲ್ಲಿ ಹಿಡಿಯುವಷ್ಟಿವೆ, ಟ್ರಂಕು ದೊಡ್ಡದು, ಅಮೆರಿಕದಿಂದ ಹಡಗಿನಲ್ಲಿ ತರಿಸಿದೆ ಎಂದೂ ಹೇಳಿದ್ದುಂಟು, ಹಡಗು ಮುನಿರಾಬಾದಿನ ತನಕ ಬರಲಿಲ್ಲ ಅಷ್ಟೇ, ಟ್ರಂಕು ಬಂತು, ಡ್ಯಾಮಿನ ಗೇಟು ನೋಡಲು ಬಂದ ಯಾವನೋ ಬಿಳಿ ಎಂಜಿನಿಯರು ತನ್ನ ದೇಶಕ್ಕೆ ಹೋಗುವಾಗ ಅಲ್ಲೇ ಕೆಲಸಕ್ಕಿದ್ದ ಕಲ್ಲೇಶನ ಅಪ್ಪನಿಗೆ ಕೊಟ್ಟು ಹೋದದ್ದು, ಆ ಡ್ಯಾಮಿನ ಕಾಲನಿಯಲ್ಲೇ ಕಲ್ಲೇಶ ಹುಟ್ಟಿದ, ಸಾಲೆಯಲ್ಲಿ ನನ್ನ ಪಕ್ಕ ಕೂತ, ಅಲ್ಲೇ ನೌಕರಿ ಮಾಡಿದ, ರಿಟೈರ್ ಆಗಿ ಹುಲಿಹೈದರದ ಹಿರಿಯರ ಮನೆಗೆ ಹೊರಟಾಗ ಅವನ ಹೆಂಡತಿ ಕಳಕಮ್ಮ ಟ್ರಂಕಿನ ಮೇಲೆ ಕಾಲಿಟ್ಟು ಹೇಳಿದಳಂತೆ, ಇದಕ್ಕ ಮನ್ಯಾಗ ಜಾಗಾ ಇಲ್ಲ, ಎಮ್ಮಿಗಿ ಜಾಗಾ ಐತಿ. ಎಮ್ಮೆ ನಮ್ಮ ಹಿತ್ತಿಲಲ್ಲಿತ್ತು, ಇಗೋ ಇಲ್ಲೇ, ಗೂಟ ಇನ್ನೂ ಇದೆ, ಎಡವಿದೆ — ಹೊಡೆದುಕೊಂಡು ಹೋಗಲೇ ಅಂದೆ, ಟ್ರಂಕು ಇಳಿಸಿ ಹೋಗು ಅಂದೆ, ಎಮ್ಮೆ ಕೊಟ್ಟು ಹಾಡು ತಂದಾನ ಅಂತ ಊರು ಒಂದು ವಾರ ನಕ್ಕಿತು, ಜಿಲ್ಲೆಯೇ ನಕ್ಕಿತು ಅನ್ನಬೇಕು, ಕುಷ್ಟಗಿಯಿಂದ ಫೋನ್ ಬಂದಿದ್ದವು, ಶೈಲಜಾ ಮಾತ್ರ ನಗಲಿಲ್ಲ, ಅದು ಅವಳ ತವರು ಹನುಮಸಾಗರದಿಂದ ಬಂದ ಎಮ್ಮೆಯ ಮಗಳು, ಸಂಜೆ ಹಿಂಡಲು ಬೋಗುಣಿ ಹಿಡಿದು ಬಂದವಳು ಖಾಲಿ ಗೂಟ ನೋಡಿದಳು, ಟ್ರಂಕು ನೋಡಿದಳು, ಇದು ಎಷ್ಟು ಹಾಲ ಕೊಡತೈತ್ರಿ ಅಂತ ಕೇಳಿ ಒಳಗೆ ಹೋದಳು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಹಚ್ಚುತ್ತೇನೆ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ರಿಕಾರ್ಡಿನ ಒಂದು ಕಡೆ, ಉಪ್ಪಿಟ್ಟು ತಿಂದು ಇನ್ನೊಂದು ಕಡೆ, ಇದು ಸ್ಯಾಕ್ಸೋಫೋನ್ ನೋಡು ಶೈಲಾ, ಇದು ಪಿಯಾನೋ, ಇಂವ ಊದಿದರೆ ಅಮೆರಿಕದಲ್ಲಿ ಟ್ರಾಫಿಕ್ ನಿಲ್ಲುತ್ತಿತ್ತು, ಎಲ್ಲ ಬಿಡಿಸಿ ಹೇಳುತ್ತೇನೆ, ಅವಳು ಒಳಗಿನಿಂದಲೇ, ಆ ಕತ್ತಿ ಒದರೂದು ಬಂದ್ ಮಾಡ್ರಿ, ಮದವಿ ಬ್ಯಾಂಡನ್ಯಾರು ಇದಕಿಂತ ಛಲೋ ಊದತಾರ.

ಕಲ್ಲೇಶ ಬಂದರೆ ಅವಳದು ಒಂದು ಕೊಂಕಿಲ್ಲ. ಕತ್ತೆ ಇಲ್ಲ, ಬ್ಯಾಂಡಿಲ್ಲ, ಎಲ್ಲಿ ಹೋಗುತ್ತದೋ ಅವಳ ನಾಲಿಗೆ. ಐತವಾರಕ್ಕೊಮ್ಮೆ ಬರುತ್ತಾನೆ, ಮಗಳನ್ನು ಕೊಟ್ಟ ಮನೆಗೆ ಅಪ್ಪ ಬರುವ ಹಾಗೆ, ಕೈಯಲ್ಲಿ ಬೆಣ್ಣೆಯ ಡಬ್ಬಿ, ನನ್ನದೇ ಎಮ್ಮೆಯ ಬೆಣ್ಣೆ, ಕಾಲು ತೊಳೆದು ಒಳಗೆ ಬಂದು ಟ್ರಂಕಿನ ಮೇಲೆ ಒಮ್ಮೆ ಕೈಯಾಡಿಸಿ, ಇವೆಲ್ಲಾ ಹೆಂಗದಾವ ತಂಗಿ ಅಂತ ಅವಳನ್ನು ಕೇಳುತ್ತಾನೆ, ನನ್ನನ್ನಲ್ಲ, ಆರಾಮ ಅದಾವ್ರಿ ಅಣ್ಣಾರ, ನಮ್ಮ ಎಮ್ಮಿ ಹೆಂಗೈತ್ರಿ ಅಂತ ಅವಳು, ಬೀಗರ ಮಾತು, ಮಕ್ಕಳನ್ನು ಅದಲುಬದಲು ಕೊಟ್ಟ ಬೀಗರ ಹಾಗೆ ಇಬ್ಬರೂ ಒಬ್ಬರ ಕ್ಷೇಮ ಒಬ್ಬರು ಕೇಳುತ್ತಾರೆ, ನಡುವೆ ನಾನು ಯಾರು, ಮದುವೆಯ ದಲ್ಲಾಳಿ. ತಂಗಿ ಅನ್ನುತ್ತಾನೆ, ಅನ್ನಲಿ, ಅಂದರೆ ಆಯಿತೇ, ಅರವತ್ತು ದಾಟಿದ ಮೇಲೆ ಗಂಡಸರು ಇನ್ನೂ ಅಪಾಯ, ನನ್ನನ್ನೇ ನೋಡಿದರೆ ತಿಳಿಯುತ್ತದೆ. ಮತ್ತೆ ಅವನು ಮಾತೇ ಆಡುವುದಿಲ್ಲ, ಕಣ್ಣು ಮುಚ್ಚಿ ಕೂರುತ್ತಾನೆ, ಒಂದು ರಿಕಾರ್ಡಿದೆ, ರಟ್ಟಿನ ಹೊದಿಕೆ ಹರಿದು ಊದಿದವನ ಹೆಸರೂ ಕಾಣದ್ದು, ಅದನ್ನೇ ಹಚ್ಚಿಸಿಕೊಳ್ಳುತ್ತಾನೆ, ನಡುವಿಗೆ ಬಂದಾಗ ಒಂದು ಬೆರಳು ಎತ್ತಿ ಮೆಲ್ಲಗೆ ಈಗ ಅನ್ನುತ್ತಾನೆ, ಎಲ್ಲ ವಾದ್ಯ ಒಮ್ಮೆಲೇ ನಿಲ್ಲುತ್ತವೆ, ಒಂದು ಉಸಿರು ಹಿಡಿದಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಡ್ರಮ್ಮು ಒಂದೇ ಬೀಳುತ್ತದೆ. ಆ ರಿಕಾರ್ಡು ನಾನು ಲಕ್ಷ ಸಲ ಹಚ್ಚಿದ್ದೇನೆ, ಈ ಜಾಗ ನನಗೆ ಸಿಕ್ಕಿರಲಿಲ್ಲ, ಅಲ್ಲಿಗೆ ಬಂದಾಗ ನಾನು ಯಾವಾಗಲೂ ಮಾತಾಡುತ್ತಿರುತ್ತೇನೆ, ನನಗೆ ಹೇಳಲಿಕ್ಕೆ ಅಷ್ಟಿರುತ್ತದೆ — ಆದರೆ ಒಂದು ಐತವಾರ ಅವನ ಬೆರಳು ಮೇಲಿತ್ತು, ನಾನು ಚಹಾ ಬಾಯಲ್ಲಿ ಹಿಡಿದಿದ್ದೆ, ಆಗ ಕೇಳಿಸಿತು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ನಿಂತಿತ್ತು. ವಾದ್ಯಗಳ ಸಂಗಡವೇ ನಿಂತಿತ್ತು. ಡ್ರಮ್ಮು ಬಿದ್ದಾಗ ರೊಟ್ಟಿಯ ಮೇಲೆ ಕೈಯೂ ಬಿತ್ತು. ಮುಂದಿನ ಐತವಾರ ಹಾಗೆಯೇ, ಅದರ ಮುಂದಿನದೂ ಹಾಗೆಯೇ, ನಡುವೆ ಗೋಡೆ, ಈ ಕಡೆ ಅವನ ಬೆರಳು, ಆ ಕಡೆ ಅವಳ ಕೈ, ಕಾಣದ ಕೈ, ಎತ್ತಿ ನಿಂತ ಕೈ, ಅಂಗಡಿಯಲ್ಲಿ ಪೈಪು ಕೊಯ್ಯುವಾಗ ಆ ಕೈ, ಊಟಕ್ಕೆ ಕೂತರೆ ಆ ಕೈ, ನನಗೆ ರೊಟ್ಟಿ ನೀಡುವುದೂ ಅದೇ ಕೈಯೇ ಎಂದು ನೆನೆದು ನಾಲ್ಕು ರೊಟ್ಟಿ ತಿನ್ನುವವನು ಎಂಟು ತಿಂದೆ, ಹೊಟ್ಟೆಯ ಉರಿಗೆ ಎಷ್ಟು ಹಾಕಿದರೂ ಸಾಲದು. ಅದಕ್ಕೇ ಹೋದ ಐತವಾರ ಅವಳು ಗಿರಣಿಗೆ ಹೋದದ್ದು ನೋಡಿ ಹೇಳಿಬಿಟ್ಟೆ, ದಾನಶೂರನ ಹಾಗೆ ಎದೆ ಮುಂದೆ ಮಾಡಿ, ಲೇ ಕಲ್ಲ್ಯಾ, ನಿನ್ನ ಟ್ರಂಕ ನೀ ಒಯ್ಯಿ, ನಮ್ಮ ಎಮ್ಮಿ ನಮಗ ತಂದ ಬಿಡ, ಮಂಗಳವಾರ ಹನ್ನೆರಡಕ್ಕ ಬಾ. ಟ್ರಂಕು ಹೋದರೆ ಐತವಾರವೂ ಹೋಗುತ್ತದೆ, ಬೆರಳೂ ಹೋಗುತ್ತದೆ, ಇಂಥ ಯುಕ್ತಿ ಇನ್ನೊಬ್ಬನಿಗೆ ಹೊಳೆದೀತೇ. ಅವನು ಟ್ರಂಕಿನ ಮೇಲೆ ಕೈಯಿಟ್ಟ, ಕಳಕಮ್ಮ ತೀರಿ ವರ್ಷವಾಯಿತು, ಖರೇನ ಅಂತೀಯೇನಲೇ, ಮನಿ ಭಾಳ ಗಪ್ ಆಗೈತಿ ಅಂದ, ಕಣ್ಣೊರೆಸಿಕೊಂಡ. ಶೈಲಜಾಗೆ ಹೇಳಿಲ್ಲ, ಹೇಳುವುದೇನು, ಇವತ್ತು ಮಧ್ಯಾಹ್ನ ತವರಿನ ಎಮ್ಮೆ ಹಿತ್ತಿಲಲ್ಲಿ ಅಂಬಾ ಅಂದಾಗ ತಾನೇ ಓಡಿ ಬಂದು ನನ್ನ ಮುಖ ನೋಡುತ್ತಾಳೆ, ಮದುವೆಯಾದ ಹೊಸದರಲ್ಲಿ ನೋಡಿದ ಹಾಗೆ.

ಅದೇ ರಿಕಾರ್ಡು. ಹೊದಿಕೆ ಹರಿದದ್ದು, ಪಿಯಾನೋ ಮೊದಲು ಎರಡು ಹೆಜ್ಜೆ ಇಟ್ಟು ಹಿಂದೆ ಸರಿಯುತ್ತದೆ, ಅದೇ — ಕೊನೆಯ ದಿನ ಅಂತ ಹಚ್ಚಿಸಿಕೊಂಡಿದ್ದಾನೆ, ಕಳ್ಳ, ಈಗ ಒಳಗೆ ನುಗ್ಗಬೇಕು, ಏನೂ ಅನ್ನಬಾರದು, ಸುಮ್ಮನೆ ನಿಂತು ಕೆಮ್ಮಬೇಕು, ಇಬ್ಬರ ಮುಖವೂ — ಕಿಸೆಯಲ್ಲಿ ಕಪ್ಪೆ ಒದ್ದಾಡಿದ ಹಾಗೆ ಫೋನು, ಕಲ್ಲೇಶ, ನನ್ನ ಪಡಸಾಲೆಯಲ್ಲಿ ಕೂತು ನನಗೇ ಫೋನು ಮಾಡುತ್ತಿದ್ದಾನೆ, ನಾನೆಲ್ಲಿದ್ದೇನೆಂದು ಖಾತ್ರಿ ಮಾಡಿಕೊಳ್ಳಲು, ಎಂಥ ತಲೆ, ಇವನು ಡಿಟೆಕ್ಟಿವ್ ಆಗಬೇಕಿತ್ತು — ಹಲೋ ಅಂದೆ, ಪಿಸುಮಾತಿನಲ್ಲಿ. ಲೇ ಸಿದ್ದ್ಯಾ, ಎಮ್ಮಿ ಗಾಡಿ ಹತ್ತವಲ್ದು, ನಾಕು ಮಂದಿ ಹಿಂದಿಂದ ದಬ್ಬಾಕತ್ತೀವಿ, ಇನ್ನ ಹುಲಿಹೈದರದಾಗ ಅದೀನಿ, ತಡಾ ಆಗತೈತಿ. ಅವನ ಹಿಂದೆ ಎಮ್ಮೆ ಕೂಗಿತು, ನನ್ನ ಎಮ್ಮೆಯೇ, ನನ್ನ ಕಿವಿ ತಪ್ಪುವುದಿಲ್ಲ. ಅಲ್ಲೋ, ತಂಗಿಗಿ ಹೇಳೀಯಿಲ್ಲೋ, ಆಕಿ ಹೂಂ ಅಂದ್ರಷ್ಟ ಒಯ್ತೀನಿ ನೋಡ ನಾ. ಹೇಳೀನಲೇ ಅಂದೆ. ಏನಂದ್ಲು. ಭಾಳ ಖುಷಿ ಆದ್ಲು ಅಂದೆ, ಇಟ್ಟೆ. ಅವನು ಅಲ್ಲಿದ್ದರೆ ಇಲ್ಲಿ ಯಾರು, ಇನ್ನೊಬ್ಬನೇ, ಈ ಊರಲ್ಲಿ ಜಾಝ್ ಕೇಳುವ ಮೂರನೆಯವನು ಎಲ್ಲಿಂದ ಬಂದ, ಕಿಟಕಿ, ಅಡುಗೆಮನೆಯ ಕಿಟಕಿ, ಒಲೆಯ ಹೊಗೆ ಹಿಡಿದ ಜಾಳಿಗೆ, ಕಣ್ಣು ಹಚ್ಚಿದರೆ ಮೊದಲು ಏನೂ ಇಲ್ಲ, ಆಮೇಲೆ ಹೊಸ್ತಿಲ ಮೇಲೆ ಯಂತ್ರ, ಪಡಸಾಲೆಯಿಂದ ಎಳೆದು ತಂದು ಮಣೆಯ ಮೇಲೆ ಇಟ್ಟಿದ್ದಾಳೆ, ವಾಯರಿಗೆ ಜೋಡು ವಾಯರು ಸೇರಿಸಿ, ಇವತ್ತು ಸೇರಿಸಿದ್ದಲ್ಲ ಅದು, ಟೇಪು ಕಪ್ಪಾಗಿ ಜಿಡ್ಡುಗಟ್ಟಿದೆ, ಅಂದರೆ ದಿನಾ, ನಾನು ಅಂಗಡಿಗೆ ಹೋದ ಮೇಲೆ ದಿನಾ. ಯಾರೂ ಇಲ್ಲ. ಶೈಲಜಾ, ರೊಟ್ಟಿ, ಒಲೆ. ರೊಟ್ಟಿ ಬಡಿಯುತ್ತಿದ್ದಾಳೆ, ಡ್ರಮ್ಮು ಬಿದ್ದಲ್ಲಿ ಅಲ್ಲ, ಎರಡು ಪೆಟ್ಟಿನ ನಡುವೆ, ನಾನು ಎಂದೂ ಚಪ್ಪಾಳೆ ಹಾಕದ ಜಾಗದಲ್ಲಿ ಅವಳ ಕೈ ಬೀಳುತ್ತಿದೆ, ರೊಟ್ಟಿ ತಿರುಗುತ್ತಿದೆ, ಮುಖ — ಈ ಮುಖ ನಾನು ನೋಡಿಲ್ಲ, ತಾಳಿ ಕಟ್ಟುವಾಗ ನೋಡಿಲ್ಲ, ಹೆರಿಗೆಯಾಗಿ ಮಲಗಿದಾಗ ನೋಡಿಲ್ಲ, ನನ್ನ ಅತ್ಯುತ್ತಮ ಚಾಷ್ಟಿಗೆ ಇಡೀ ಮದುವೆಮನೆ ಉರುಳಿ ನಕ್ಕಾಗಲೂ ಇವಳಲ್ಲಿ ನೋಡಿಲ್ಲ. ನಾನು ಮೀಸೆಯುಳ್ಳ ವೈರಿಯನ್ನು ತಯಾರು ಮಾಡಿಟ್ಟುಕೊಂಡಿದ್ದೆ, ಹುಲಿಹೈದರದ ಬಸ್ಸಿನಲ್ಲಿ ಬಂದು ಹೋಗುವವನನ್ನು, ಅವನನ್ನು ಕಳಿಸುವ ದಾರಿ ಗೊತ್ತಿತ್ತು, ಈ ರಿಕಾರ್ಡಿನೊಳಗಿನವನಿಗೆ ಮೀಸೆ ಇದೆಯೋ ಇಲ್ಲವೋ, ಯಾವ ಊರಿನವನೋ, ಸತ್ತು ಎಷ್ಟು ಕಾಲವಾಯಿತೋ, ಡ್ರಮ್ಮು ಬಾರಿಸಿ ಹೋಗಿದ್ದಾನೆ, ಎಲ್ಲಿಗೆಂದು ಕಳಿಸಲಿ, ಯಾರ ಮೇಲೆ ಉರಿದುಕೊಳ್ಳಲಿ, ಎಮ್ಮೆ ಗಾಡಿ ಹತ್ತಿದರೆ ಗಂಟೆಯೊಳಗೆ ಇಲ್ಲಿರುತ್ತದೆ, ಟ್ರಂಕು ಹೋಗುತ್ತದೆ, ಈ ಮುಖ ಹೋಗುತ್ತದೆ, ಬೋಗುಣಿ ಹಿಡಿದು ಬರುವವಳು ಬೇರೆ ಯಾರೋ ಇರುತ್ತಾಳೆ — ಹೇಳಬೇಕು, ಈಗಲೇ, ಶೈಲಾ, ನಾ ಒಂದು ಕೆಲಸಾ ಮಾಡೀನಿ ಅನ್ನಬೇಕು, ಬಾಯಿ ತೆರೆದಿದ್ದೇನೆ, ಆದರೆ ಸ್ಯಾಕ್ಸೋಫೋನ್ ಮೆಟ್ಟಿಲು ಇಳಿಯುತ್ತಿದೆ, ಪಿಯಾನೋ ಸರಿದು ದಾರಿ ಬಿಟ್ಟಿತು, ಆ ಜಾಗ ಬರುತ್ತಿದೆ, ಈಗ ಮಾತಾಡಿದರೆ ಮತ್ತೆ ಅದೇ ಜಾಗದಲ್ಲಿ ಮಾತಾಡಿದಂತಾಗುತ್ತದೆ, ಕಿಸೆಯಲ್ಲಿ ಫೋನು ಮತ್ತೆ ನಡುಗುತ್ತಿದೆ, ಎಮ್ಮೆ ಗಾಡಿ ಹತ್ತಿರಬೇಕು, ಅಥವಾ ಹತ್ತಿರಲಿಕ್ಕಿಲ್ಲ, ನಿಂತಿತು, ಎಲ್ಲ ನಿಂತಿತು, ಅವಳ ಕೈ ಮೇಲಿದೆ, ಹಿಟ್ಟು ಹತ್ತಿದ ಐದು ಬೆರಳು, ಕೈ ಮೇಲೆ, ಇನ್ನೂ ಮೇಲೆ,